ಹಣ್ಣಿನ ಗಿಡಕ್ಕೆ ಹೊದಿಸುವ ನೈಲಾನ್ ಬಲೆ ಇನ್ನು ನಮ್ಮಲ್ಲಿ ಸಿಗುವುದಿಲ್ಲ

ಧಾರವಾಡ, ಹುಬ್ಬಳ್ಳಿಯ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮಿರಗದ ಮಳೆ ಹತ್ತಿರ ಬಂತು. ಸಸಿ, ಬೀಜ, ಗೊಬ್ಬರ ಅಂತ ನೀವೆಲ್ಲ ಅಂಗಡಿಗೆ ಬರುವ ಹೊತ್ತು. ಬಂದವರಲ್ಲಿ ಬಹಳ ಜನ ಚಿಕ್ಕು, ಪೇರಲ ಗಿಡಕ್ಕೆ ಹೊದಿಸಲು ತೆಳ್ಳನೆಯ ನೈಲಾನ್ ಬಲೆಯನ್ನೂ ಕೇಳುತ್ತೀರಿ. ಆ ಬಲೆ ಮಾರುವುದನ್ನು ನಾವು ನಿಲ್ಲಿಸಿದ್ದೇವೆ. ಮತ್ತೆ ತರಿಸುವುದೂ ಇಲ್ಲ. ಕಾರಣ ನಿಮಗೆ ಸರಿಯಾಗಿ ತಿಳಿಯಬೇಕು ಅಂತ ಈ ಪತ್ರ.

ಏಪ್ರಿಲ್‌ನಲ್ಲಿ ಒಂದು ದಿನ ಮಾಳಮಡ್ಡಿಯಿಂದ ನಮ್ಮ ಹಳೆಯ ಗ್ರಾಹಕರಾದ ಅಕ್ಕ ಒಬ್ಬರು ಫೋನ್ ಮಾಡಿದರು. "ನಿಮ್ಮ ಬಲಿಯೊಳಗ ಹಾವು ಸಿಕ್ಕೊಂಡೈತ್ರೀ, ಜಲ್ದಿ ಯಾರನ್ನರ ಕಳಸ್ರೀ" ಅಂದರು. ಹಾವು ಹಿಡಿಯುವ ಪರಿಚಯದ ಹುಡುಗನನ್ನು ಕರೆದುಕೊಂಡು ಹೋದೆವು. ಚಿಕ್ಕು ಗಿಡದ ಬುಡದಲ್ಲಿ ಬಲೆಯ ಅಂಚು ನೆಲಕ್ಕೆ ಬಿದ್ದಿತ್ತು. ಅದರಲ್ಲಿ ಆರು ಅಡಿ ಉದ್ದದ ಕೇರೆ ಹಾವು. ಎಳೆಗಳು ಮೂರು ಕಡೆ ಮೈಯೊಳಗೆ ಇಳಿದಿದ್ದವು. ಹುಡುಗ ಅದರ ಮೇಲೆ ಒದ್ದೆ ಬಟ್ಟೆ ಹಾಕಿದ. ದರ್ಜಿಗಳು ದಾರ ಕತ್ತರಿಸುವ ಸಣ್ಣ ಕತ್ತರಿಯ ತುದಿಯನ್ನು ಹುರುಪೆಯ ಕೆಳಗೆ ಮೆಲ್ಲಗೆ ತೂರಿಸಿ, ಒಂದೊಂದೇ ಎಳೆ ಬಿಡಿಸಿದ. ಮುಕ್ಕಾಲು ತಾಸು ಹಿಡಿಯಿತು. ಹಾವು ಬದುಕಿತು. ಆದರೆ ಅದೇ ಬಲೆಯ ಮೇಲ್ಗಡೆ ಒಂದು ಸೂರಕ್ಕಿ ಒಣಗಿ ನೇತಾಡುತ್ತಿತ್ತು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಬಲೆಯನ್ನು ತೂಕ ಮಾಡಿ ಕೊಟ್ಟವರು ನಾವೇ. ತುಂಬಾ ಬೇಜಾರಾಯಿತು. ಆಮೇಲೆ ಬಲೆ ಒಯ್ದವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋದೆವು. ಬುಲ್‌ಬುಲ್, ಬಾವಲಿ, ಓತಿಕ್ಯಾತ ಸಿಕ್ಕಿಕೊಂಡದ್ದನ್ನು ಹಲವರು ಹೇಳಿದರು. ನಾವು ಮೊದಲೇ ಕೇಳಬೇಕಿತ್ತು.

ಹಾವು ಯಾಕೆ ಹಿಂದೆ ಸರಿಯಲಾರದು ಅಂತ ಆ ಹುಡುಗ ತೋರಿಸಿದ. ಅದರ ಹುರುಪೆಗಳು ತಲೆಯಿಂದ ಬಾಲದ ಕಡೆಗೆ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಮುಂದೆ ನುಗ್ಗುವಾಗ ಎಳೆ ಜಾರುತ್ತದೆ. ಹಿಂದೆ ಬರಲು ನೋಡಿದರೆ ಎಳೆ ಹುರುಪೆಯ ಅಂಚಿಗೆ ಸಿಕ್ಕಿ ಬಿಗಿಯುತ್ತದೆ. ಒದ್ದಾಡಿದಷ್ಟೂ ಜಾಸ್ತಿ ಬಿಗಿಯುತ್ತದೆ. ಬಿಸಿಲಿನಲ್ಲಿ ಹಾಗೇ ಉಳಿದರೆ ಸತ್ತೇ ಹೋಗುತ್ತದೆ. ಕೇರೆ ಹಾವಿಗೆ ವಿಷವಿಲ್ಲ. ಅದು ಹಿತ್ತಲಿಗೆ ಬರುವುದು ಇಲಿ ಹುಡುಕಿಕೊಂಡು. ನಿಮ್ಮ ಗೆಣಸು, ಶೇಂಗಾ ತಿನ್ನುವ ಅದೇ ಇಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹಾವಿಗೆ ರಕ್ಷಣೆಯೂ ಇದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಇದಕ್ಕೆ ಒಂದು ನಿಯಮವಿದೆ. ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು, ಪೂರ್ತಿ ಎಳೆದು ಹಿಡಿದಾಗಲೂ, 5 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ಸುಲಭದ ಪರೀಕ್ಷೆ: ಬೆರಳು ತೂರಿದರೆ ಆ ಬಲೆ ಬೇಡ. ನಮ್ಮ ಬಲೆಯಲ್ಲಿ ಎರಡು ಬೆರಳು ತೂರುತ್ತಿದ್ದವು.

ಇನ್ನು ಮುಂದೆ ನಾವು ಕೊಡುವುದು ಸೊಳ್ಳೆ ಪರದೆ ಬಟ್ಟೆಯ ಚೀಲ. ಒಂದು ಹಣ್ಣಿಗೆ ಒಂದು. ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು ಹೊಲಿದು ಕೊಡುತ್ತಿದ್ದಾರೆ. ಬಾಯಿಗೆ ಲಾಡಿ ಇದೆ. ಚೀಲಕ್ಕೆ 10 ರೂಪಾಯಿ. ತೊಳೆದು ಮುಂದಿನ ಬೆಳೆಗೂ ಬಳಸಬಹುದು.

ಪೇರಲಕ್ಕಂತೂ ಇದು ಬಲೆಗಿಂತ ಎಷ್ಟೋ ಒಳ್ಳೆಯದು. ಮಳೆಗಾಲದ ಪೇರಲ ಕತ್ತರಿಸಿದರೆ ಒಳಗೆ ಬಿಳಿ ಹುಳು ಮಿಜಿಗುಡುತ್ತವೆ, ಅಲ್ವಾ? ಅದು ಹಣ್ಣುನೊಣದ ಕೆಲಸ. ನೊಣ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ದೊಡ್ಡ ಕಣ್ಣಿನ ಬಲೆ ಅದನ್ನು ತಡೆಯುವುದೇ ಇಲ್ಲ, ಚೀಲ ತಡೆಯುತ್ತದೆ. ಆದರೆ ಹೊತ್ತು ನೋಡಿ ಕಟ್ಟಬೇಕು. ಹೂವಿದ್ದಾಗ ಮುಚ್ಚಬೇಡಿ, ಜೇನುನೊಣ ಬರಬೇಕು. ಕಾಯಿ ನಿಂಬೆ ಗಾತ್ರಕ್ಕೆ ಬಂದಾಗ ಕಟ್ಟಿ. ತೀರಾ ತಡವಾದರೆ ಮೊಟ್ಟೆಯನ್ನೂ ಸೇರಿಸಿ ಕಟ್ಟಿದ ಹಾಗಾಗುತ್ತದೆ. ಅದಕ್ಕೇ ಕಟ್ಟುವ ಮೊದಲು ಸೂಜಿ ಚುಚ್ಚಿದಂಥ ಚುಕ್ಕೆ ಇದೆಯಾ ನೋಡಿ. ಲಾಡಿಯನ್ನು ಕಾಯಿಯ ತೊಟ್ಟಿಗೆ ಬಿಗಿಯದೆ ಪಕ್ಕದ ರೆಂಬೆಗೆ ಕಟ್ಟಿ. ಉದುರಿದ ಹಣ್ಣನ್ನು ಗಿಡದ ಕೆಳಗೆ ಬಿಡಬೇಡಿ. ಅದರಲ್ಲಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಬಕೆಟ್ ನೀರಿನಲ್ಲಿ ಕೆಲವು ದಿನ ಮುಳುಗಿಸಿಟ್ಟರೆ ಹುಳು ಸಾಯುತ್ತವೆ.

"ಗಿಡದ ತುಂಬ ಚೀಲ ಕಟ್ಟೋರು ಯಾರ್ರೀ?" ಅಂತ ಸಪ್ತಾಪುರದ ಹಿರಿಯರೊಬ್ಬರು ಕೇಳಿದರು. ಎಲ್ಲಕ್ಕೂ ಕಟ್ಟುವುದು ಬೇಡ. ಕೈಗೆ ನಿಲುಕುವ ಮೂವತ್ತು ನಲವತ್ತು ಕಾಯಿಗೆ ಕಟ್ಟಿ, ಮನೆಗೆ ಸಾಕಾಗುತ್ತದೆ. ಮೇಲಿನದು ಗಿಳಿ, ಅಳಿಲಿಗೆ ಇರಲಿ.

ಚಿಕ್ಕುವಿಗೆ ಚೀಲವೂ ಬೇಕಾಗಿಲ್ಲ, ಹದ ನೋಡಿ ಮೊದಲೇ ಕೊಯ್ದರೆ ಆಯಿತು. ಉಗುರಿನಿಂದ ಮೇಲಿನ ಕಂದು ಪುಡಿಯನ್ನು ಸ್ವಲ್ಪ ಕೆರೆಯಿರಿ. ಕೆಳಗೆ ಹಸಿರು ಕಂಡರೆ ಇನ್ನೂ ಎಳೆಯದು. ಹಳದಿ ಬಣ್ಣ ಕಂಡು, ಹಾಲು ಕಡಿಮೆ ಬಂದರೆ ಬಲಿತಿದೆ. ಕಿತ್ತು ಮನೆಯೊಳಗೆ ಇಟ್ಟರೆ ಚೆನ್ನಾಗಿ ಹಣ್ಣಾಗುತ್ತದೆ. ಆಪೂಸ್ ಮಾವನ್ನೂ ಹೀಗೇ ಬಲಿತ ಮೇಲೆ ಕೊಯ್ದು ಅಡಿ ಹಾಕುತ್ತೇವಲ್ಲ.

ಮಂಗಗಳ ವಿಷಯಕ್ಕೆ ಬಂದರೆ, ಚೀಲದಿಂದ ಅವು ನಿಲ್ಲುವುದಿಲ್ಲ. ಬಲೆಯಿಂದಲೂ ನಿಲ್ಲುತ್ತಿರಲಿಲ್ಲ, ಹರಿದು ಹಾಕುತ್ತಿದ್ದವು. ಅವುಗಳ ಕಾಟ ಇರುವ ಕಡೆ ಬೇಗ ಕೊಯ್ಯುವುದೇ ಸರಿ.

ನಿಮ್ಮ ಹಿತ್ತಲಿನಲ್ಲಿ ಹಳೆಯ ಬಲೆ ಇದ್ದರೆ ಈ ವಾರವೇ ಬಿಚ್ಚಿ. ಗಿಡದ ಮೇಲಿಲ್ಲದೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದದ್ದು ಇನ್ನೂ ಅಪಾಯ, ಹಾವು ಅಲ್ಲೇ ತೂರುತ್ತದೆ. ಕಸದ ಗಾಡಿಗೆ ಹಾಕಬೇಡಿ, ನಮಗೇ ತಂದು ಕೊಡಿ. ನಮ್ಮಲ್ಲಿ ಕೊಂಡದ್ದಾದರೆ ತೂಕ ನೋಡಿ ಅರ್ಧ ಹಣವನ್ನು ಚೀಲದ ಲೆಕ್ಕಕ್ಕೆ ಹಿಡಿಯುತ್ತೇವೆ, ರಸೀದಿ ಬೇಕಿಲ್ಲ. ಬೇರೆ ಕಡೆ ಕೊಂಡಿದ್ದರೂ ತನ್ನಿ, ಪ್ರತಿ ಬಲೆಗೆ ಎರಡು ಚೀಲ ಉಚಿತ. ಬಂದ ಬಲೆಯನ್ನು ಸಣ್ಣಗೆ ಕತ್ತರಿಸಿದ ಮೇಲೆಯೇ ವಿಲೇವಾರಿ ಮಾಡುತ್ತೇವೆ.

ಬಲೆಯಲ್ಲಿ ಯಾವುದೇ ಹಾವು ಕಂಡರೆ ನೀವೇ ಎಳೆಯಲು ಹೋಗಬೇಡಿ. ಕೇರೆ ಹಾವನ್ನೂ ನಾಗರಹಾವನ್ನೂ ದೂರದಿಂದ ಗುರುತಿಸುವುದು ಕಷ್ಟ. ಮಕ್ಕಳನ್ನು, ನಾಯಿಯನ್ನು ದೂರ ಇರಿಸಿ ಅರಣ್ಯ ಇಲಾಖೆಗೆ ಅಥವಾ ನಮಗೆ ಫೋನ್ ಮಾಡಿ. ಹಾವು ಬಿಡಿಸುವವರ ನಂಬರ್‌ಗಳನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇವೆ, ಬಂದಾಗ ಬರೆದುಕೊಳ್ಳಿ.

ಚೀಲದ ಮೊದಲ ಕಂತು ಬಂದಿದೆ. ಚೀಲ ಕಟ್ಟುವುದನ್ನು ನೋಡಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ಬನ್ನಿ, ಅಂಗಡಿಯ ಹಿಂದಿನ ಪೇರಲ ಗಿಡದಲ್ಲಿ ಕಟ್ಟಿ ತೋರಿಸುತ್ತೇವೆ.

ನಿಮ್ಮ
ಸಸಿ ಮತ್ತು ಬೀಜದ ಅಂಗಡಿಯವರು
ಧಾರವಾಡ