ನಾಕು ಚೀಲ ಸಿಮೆಂಟಿನ ಮಾತು

ತಮ್ಮಾ,

ನಿನ್ನ ಪತ್ರ ಮುಟ್ಟಿತು. ಉಳಿದದ್ದೆಲ್ಲಾ ಇರ್ಲಿ, "ಕಾಕಾ, ನಾ ಕಲ್ಲ ಮನಸಿನಂವ ಆಗ್ಲತ್ತೀನೇನು" ಅಂತ ಒಂದ್ ಸಾಲು ಬರ್ದಿಯಲ್ಲ, ಅದು ಎರಡ ದಿನದಿಂದ ತಲಿ ತಿನ್ಲತ್ತದ. ಸರ್ಕಾರ ಸಣ್ಣದಿರ್ಬೇಕು, ಮಂದಿ ಬದುಕಿನಾಗ ಕೈ ಹಾಕಬಾರ್ದು ಅಂತ ನೀ ಅಂದ್ರ, 371ಜೆ ಮೀಸಲು ಸೀಟಿನ ಮ್ಯಾಲ ಓದಿ ಈ ಮಾತಾ ಅಂತ ನಿನ್ನ ದೋಸ್ತ ನಕ್ಕನಂತ. ನಗಲಿ ಬಿಡು.

ಸೀಟಿಂದು ಜಲ್ದಿ ಮುಗಸ್ತೀನಿ. ಸಂವಿಧಾನದ ಈ 371ಜೆ ಕಲಂ ಬಂದಿದ್ದು 2012ರ ತಿದ್ದುಪಡಿಯಿಂದ, ನಮ್ಮ ಕಲ್ಯಾಣ ಕರ್ನಾಟಕ ಭಾಗ ಹಿಂದುಳದದ ಅಂತ. ಅದು ತಗೊಂಡಾಂವ ಬಾಯಿ ಮುಚ್ಕೊಂಡಿರ್ಬೇಕು ಅಂತ ಎಲ್ಲೂ ಬರ್ದಿಲ್ಲ. ಆದ್ರ ತಗೊಂಡಿದ್ದು ಮುಚ್ಚಿಡಬ್ಯಾಡ, ನೀನೇ ಮೊದ್ಲು ಹೇಳಿಬಿಡು, ನಂಗ ತಿಳಿದಷ್ಟು ಹೇಳ್ಲತ್ತೀನಿ.

ಈಗ ಆ ಕಲ್ಲ ಮನಸಿಂದು. 1980ರ ಸುಮಾರು ನಾ ಸರ್ಕಾರಿ ಆಫೀಸಿನಾಗ ಸಿಮೆಂಟ್ ಪರ್ಮಿಟ್ ಬರಿಯೋ ಟೇಬಲ್ ಮ್ಯಾಲ ಇದ್ದೆ. ಆಗ ಸಿಮೆಂಟ್ ಕಂಟ್ರೋಲ್‌ದಾಗ ಇತ್ತು, ರೇಟೂ ಸರ್ಕಾರದ್ದು, ಯಾರಿಗೆಷ್ಟು ಅನ್ನೋದೂ ಸರ್ಕಾರದ್ದು. ವಾಡಿ ಕಡಿಂದ ಒಬ್ಬಾಕಿ ಬರ್ತಿದ್ಲು, ಗಂಡ ತೀರ್ಕೊಂಡಾಕಿ, ಮಾಳಗಿ ಸೋರ್ತದ್ರೀ ನಾಕು ಚೀಲ ಕೊಡ್ರಿ ಅಂತ. ನೋಡು, ಆಗ್ಲೇ ವಾಡಿಯಾಗ ಸಿಮೆಂಟ್ ಫ್ಯಾಕ್ಟ್ರಿ, ಶಹಾಬಾದಿನಾಗ ಸಿಮೆಂಟ್ ಫ್ಯಾಕ್ಟ್ರಿ, ಆಕಿ ಸೀರಿ ಮ್ಯಾಲೇ ಆ ಬೂದಿಬಣ್ಣದ ಧೂಳ ಕುಂತಿರ್ತಿತ್ತು, ಆದ್ರ ನಾಕು ಚೀಲಕ್ಕ ನನ್ನ ಶಿಕ್ಕಾ ಬೇಕಿತ್ತು. ಅರ್ಜಿ ಸೆರಗಿನ ಗಂಟಿನಾಗ ಕಟ್ಕೊಂಡ್ ಬರ್ತಿದ್ಲು, ಬಿಚ್ಚಿ ಮಡಚಿ ಬಿಚ್ಚಿ ಮಡಚಿ ಆ ಕಾಗದ ಅರಿವಿ ಹಂಗ ಮೆತ್ತಗಾಗಿ ಹೆಬ್ಬಟ್ಟಿನ ಗುರ್ತೂ ಅಳಸ್ಲಿಕ್ಕ ಬಂದಿತ್ತು. ನಾ ಲಂಚ ಕೇಳ್ಲಿಲ್ಲ, ಬೈಯಲಿಲ್ಲ, ಸಾಯೇಬ್ರಿಲ್ಲ ಮುಂದಿನ ವಾರ ಬಾ ಅಂತಿದ್ದೆ ಅಷ್ಟೇ, ಎಷ್ಟ ಸರ್ತಿ ಅಂದೆನೋ. ಮಳಿ ಹತ್ತಿದ ಮ್ಯಾಲ ಆಕಿ ಬರೋದೇ ಬಿಟ್ಲು. ನೀ ದೋಸ್ತನ ಒಂದ್ ಮಾತಿಗೆ ನಿದ್ದಿ ಬರ್ಲಿಲ್ಲ ಅಂತ ಬರ್ದಿ. ನಂಗ ಆಗ ನಿದ್ದಿ ಭಾಳ ಛಲೋ ಬರ್ತಿತ್ತು ತಮ್ಮಾ.

ರಾಜಾಜಿಯವ್ರು 1959ರಾಗ ಸ್ವತಂತ್ರ ಪಕ್ಷ ಕಟ್ಟಿ, ಎಲ್ಲಾದಕ್ಕೂ ಸರ್ಕಾರದ ಪರವಾನಗಿ ಕೇಳೋ ಇದು ಲೈಸೆನ್ಸ್ ಪರ್ಮಿಟ್ ರಾಜ್ ಅಂತ ಬೈತಿದ್ರಲ್ಲ, ಅದು ಶ್ರೀಮಂತರ ಪಾರ್ಟಿ ಅಂತ ನಾನೂ ನಕ್ಕಾಂವನೇ. ಆ ರಾಜ್ಯದ ಒಬ್ಬ ಚಿಲ್ಲರ್ ರಾಜಾ ನಾನೇ ಆಗಿದ್ದೆ ಅಂತ ತಿಳಿಲಿಕ್ಕ ಭಾಳ ವರ್ಷ ಹಿಡೀತು. ಬಾಜೂ ಮಹಾರಾಷ್ಟ್ರದಾಗ ಮುಖ್ಯಮಂತ್ರಿ ಅಂತುಳೆ 1982ರಾಗ ಸಿಮೆಂಟ್ ಹಂಚಿಕಿ ಹಗರಣದ ಗದ್ದಲದಾಗೇ ಖುರ್ಚಿ ಬಿಟ್ರು, ಅದೇ ವರ್ಷ ಕಂಟ್ರೋಲ್ ಸ್ವಲ್ಪ ಸಡ್ಲಾತು, 1989ಕ್ಕ ಪೂರ್ತಿ ಹೋತು. ನನ್ನ ಶಿಕ್ಕಾ ಯಾರಿಗೂ ಬ್ಯಾಡಾತು, ಸಿಮೆಂಟೇನ್ ಮುಗೀಲಿಲ್ಲ, ಅಂಗಡ್ಯಾಗ ರೊಕ್ಕ ಕೊಟ್ಟ್ರ ಸಿಗ್ಲಿಕತ್ತು.

ಇನ್ನೊಂದೂ ಹೇಳ್ಬೇಕು, ಇಲ್ಲಂದ್ರ ಸುಳ್ಳಾಗ್ತದ. ಅದೇ ಆಕಿ ಮನಿ ಒಲಿ ಹತ್ತಿದ್ದು ರೇಷನ್ ಅಕ್ಕಿ ಸೀಮಿಎಣ್ಣಿ ಮ್ಯಾಲ. ಅದಕ್ಕ ನೀ ಸಣ್ಣ ಸರ್ಕಾರ ಅಂದಾಗ ಯಾವುದು ಸಣ್ಣದಾಗ್ಬೇಕು ಅಂತ ಬಿಡಿಸಿ ಹೇಳು, ಶಿಕ್ಕಾನೋ ಅಕ್ಕಿನೋ. ನಾನಂತೂ ಶಿಕ್ಕಾ ಅಂತೀನಿ. ನಿನ್ನ ವಿಚಾರ ಬ್ಯಾರೆ ಇದ್ರ ಇರ್ಲಿ, ನಾ ಯಾರು ಹೇಳಾಂವ.

ಮತ್ತ ಅಲ್ಲಿಗೇ ಬಂದೆ ನೋಡು. ನೀ ಕಲ್ಲಾಗೀಯೋ ಇಲ್ಲೋ ನಾ ಹೆಂಗ ಹೇಳ್ಲಿ, ನಾ ಆಗಿದ್ದಾಗ ನಂಗೇ ಗೊತ್ತಾಗ್ಲಿಲ್ಲ. ಹೆದರಿಕಿ ಅದೇ ನಂಗ. ಪುಸ್ತಕ ಓದಿ ಆಗ್ತಾರೋ ಟೇಬಲ್ ಹಿಂದ ಕುಂತು ಆಗ್ತಾರೋ ತಿಳಿವಲ್ದು.

ರಾತ್ರಿ ಹೊತ್ತು ಫೋನಿನಾಗ ಇದೇ ವಾದ ಹಚ್ಚಬ್ಯಾಡ. ಸೂಟಿಗೆ ಬಂದಾಗ ಆಗ್ತದಂದ್ರ ಅಜ್ಜಿ ಪಿಂಚಣಿ ಕಾಗದ ತಗೊಂಡು ಒಂದಿನ ಆಕಿ ಜೋಡಿ ನಾಡಕಚೇರಿ ಲೈನಿನಾಗ ನಿಂದ್ರು. ನಾ ಬರೂದಿಲ್ಲ, ಕೌಂಟರಿನ ಈ ಕಡಿ ನಿಂದ್ರಲಿಕ್ಕ ನಂಗ ಇನ್ನೂ ನಾಚ್ಕಿ ಬರ್ತದ.

ನಿನ್ನ ಕಾಕಾ