ಅಳಿಯಂದಿರ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಮಾತಾಡೋಣ ಅಂದರೆ ನಿನ್ನ ಪಕ್ಕ ಯಾರಾದರೂ ಇದ್ದೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಗಂಡನ ಕುಡಿತ ಚಟವಾಗಿಬಿಟ್ಟಿದೆಯಾ ಅಂತ ಕೇಳಿದ್ದೆಯಲ್ಲ. ಆಫೀಸು ತಪ್ಪಿಸಲ್ಲ, ಮನೆ ಸಾಲದ ಕಂತು ನಿಲ್ಲಿಸಿಲ್ಲ, ಕೂಗಾಡಲ್ಲ, ಎಷ್ಟು ಕುಡಿದರೂ ತೂರಾಡಲ್ಲ ಅಂದೆಯಲ್ಲ, ನನಗೆ ಭಯ ಆಗಿದ್ದು ಆ ತೂರಾಡದೇ ಇರುವುದಕ್ಕೆ. ಮೊದಲು ತೊಂಬತ್ತು ಎಂ.ಎಲ್.ಗೇ ಮಾತು ತೊದಲುತ್ತಿದ್ದವರು ಈಗ ಅದರ ಎರಡರಷ್ಟು, ಒಂದು ಕ್ವಾರ್ಟರ್ ಮುಗಿಸಿಯೂ ನೆಟ್ಟಗೆ ನಿಂತರೆ, ಮಿದುಳು ಅದಕ್ಕೆ ಒಗ್ಗಿಹೋಗಿದೆ ಅಂತ. ಗಂಡಸರು ಇದಕ್ಕೆ ಕೆಪ್ಯಾಸಿಟಿ ಅಂತ ಹೆಸರಿಟ್ಟು ಹೆಮ್ಮೆ ಬೇರೆ ಪಡುತ್ತಾರೆ.

ಸರ್ಜಿಕಲ್ ವಾರ್ಡಿನಲ್ಲಿ ಇಂಥವರನ್ನು ಎಷ್ಟು ಜನರನ್ನು ನೋಡಿಲ್ಲ ನಾನು! ಮೇಷ್ಟ್ರು, ಬ್ಯಾಂಕಿನವರು, ಊರಲ್ಲಿ ನಾಲ್ಕು ಜನ ಕೈ ಮುಗಿಯೋರು. ಕಾಲು ಮುರಿದೋ ಹರ್ನಿಯಾ ಆಪರೇಷನ್ನಿಗೋ ಸೇರುತ್ತಿದ್ದರು. ಕುಡಿತೀರಾ ಅಂತ ಕೇಳಿದರೆ, "ಯಾವಾಗಲಾದರೂ ಫಂಕ್ಷನ್ನಿನಲ್ಲಿ, ಸಿಸ್ಟರ್." ಆಸ್ಪತ್ರೆಯಲ್ಲಿ ಕುಡಿತ ನಿಂತ ಮಾರನೇ ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. ಕೆಲವರಿಗೆ ಫಿಟ್ಸ್. ಮೂರನೇ ರಾತ್ರಿ ಹೊತ್ತಿಗೆ ಹೊದಿಕೆ ಮೇಲೆ ಇಲ್ಲದ ಹುಳ ಹೆಕ್ಕುತ್ತಾ, ಡ್ರಿಪ್ ಕಿತ್ತುಕೊಂಡು ಮನೆಗೆ ಹೊರಟುಬಿಡೋರು. ಹೆಂಡತಿಯರು ನಮ್ಮ ಮೇಲೇ ರೇಗುತ್ತಿದ್ದರು, ನಮ್ಮನೆಯವರು ಅಂಥವರಲ್ಲ ಅಂತ. ಅವರು ಸುಳ್ಳು ಹೇಳುತ್ತಿರಲಿಲ್ಲ ಕಣೇ. ನಿಜಕ್ಕೂ ಗೊತ್ತಿರುತ್ತಿರಲಿಲ್ಲ.

ಅದಕ್ಕೇ ಸುಮ್ನೆ ಬಾಟಲಿ ಎಣಿಸುತ್ತಾ ಕೂರಬೇಡ. ಈಗ ಟೆಟ್ರಾ ಪ್ಯಾಕ್ ಬಂದಿದೆ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟರೆ ಸದ್ದೂ ಇಲ್ಲ. ದಿನ ಹೇಗೆ ಸಾಗುತ್ತೆ ನೋಡು. ಪಾರ್ಟಿಗೆ ಹೊರಡೋ ಮುಂಚೆ ಮನೆಯಲ್ಲೇ ಒಂದು ಹಾಕಿಕೊಳ್ಳುತ್ತಾರಾ? ಗಾಂಧಿ ಜಯಂತಿಗೆ ಹಿಂದಿನ ದಿನವೇ ತಂದಿಡುತ್ತಾರಾ? ರಾತ್ರಿ ಉಳಿಯಬೇಕಾದ ನೆಂಟರ ಮನೆಗೆ ಬರದೇ ಇರೋಕೆ ನೆಪ ಹೇಳುತ್ತಾರಾ? ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಕೈ ಹೇಗಿರುತ್ತೆ?

ಡಾಕ್ಟರುಗಳು ಎಷ್ಟೋ ವರ್ಷಗಳಿಂದ ಕೇಳುತ್ತಾ ಬಂದಿರುವ ನಾಲ್ಕು ಪ್ರಶ್ನೆಗಳಿವೆ. ಕಮ್ಮಿ ಮಾಡಬೇಕು ಅನ್ನಿಸಿದೆಯಾ, ಯಾರಾದರೂ ಆಡಿಕೊಂಡರೆ ಸಿಟ್ಟು ಬರುತ್ತಾ, ತಪ್ಪು ಮಾಡುತ್ತಿದ್ದೇನೆ ಅಂತ ಕೊರಗಿದ್ದೀರಾ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗಿದೆಯಾ. ಎರಡಕ್ಕೆ ಹೌದು ಅಂದರೆ ಸರಿಯಾಗಿ ತಪಾಸಣೆ ಆಗಬೇಕು. ಉತ್ತರ ಕೊಡಬೇಕಾದವರು ಅವರು, ಅವರ ಪರವಾಗಿ ನೀನಲ್ಲ.

ಒಂದು ಮಾತ್ರ ಮಾಡಬೇಡ. ಮಂಜುನಾಥನ ಮೇಲೆ ಆಣೆ ಹಾಕಿಸಿ ಇವತ್ತಿಂದಲೇ ನಿಲ್ಲಿಸಿ ಅನ್ನಬೇಡ. ದಿನಾ ಜಾಸ್ತಿ ಕುಡಿಯೋರು ಥಟ್ಟನೆ ನಿಲ್ಲಿಸಿದರೆ ವಾರ್ಡಿನಲ್ಲಿ ಆಗುತ್ತಿದ್ದದ್ದು ಮನೆಯಲ್ಲೇ ಆಗುತ್ತೆ, ಜೀವಕ್ಕೇ ಅಪಾಯ. ಔಷಧಿ ಕೊಟ್ಟು, ನೋಡಿಕೊಂಡು ಬಿಡಿಸಬೇಕು. "ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಅಂತ ಜಾಹೀರಾತು ಬರುತ್ತಲ್ಲ, ಅದನ್ನಂತೂ ಮುಟ್ಟಬೇಡ. ಅಂಥ ಕೆಲವು ಮಾತ್ರೆಗಳ ಮೇಲೆ ಕುಡಿದರೆ ಬಿಪಿ ಕುಸಿದು ಬೀಳುತ್ತಾರೆ.

ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಮೊದಲು ನೀನೊಬ್ಬಳೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಳಿಯಂದಿರ ಹತ್ತಿರ ಈ ಮಾತು ತೆಗೆಯೋದಾದರೆ ಬೆಳಿಗ್ಗೆ ತೆಗೆ, ಕುಡಿದು ಬಂದ ಮೇಲೆ ಬೇಡ. ಆಸ್ಪತ್ರೆಗೆ ಹೋಗೋ ದಿನ ಗೊತ್ತಾದರೆ ಹೇಳು, ನಾನು ಬಂದು ಪಾಪೂನ ನೋಡಿಕೊಳ್ಳುತ್ತೇನೆ. ನಿನ್ನ ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ
ಅಮ್ಮ