ಮೊದಲ ವರ್ಷದ ವಿದ್ಯಾರ್ಥಿಗಳ ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಪದವಿ ತರಗತಿಗಳು ಶುರುವಾಗಿವೆ. ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಮಕ್ಕಳು, ಘಟ್ಟದ ಕೆಳಗಿನ ಕುಮಟಾ, ಅಂಕೋಲಾದ ಮಕ್ಕಳು ಮೊದಲ ಸಲ ಮನೆ ಬಿಟ್ಟು ಶಿರಸಿಯ ಹಾಸ್ಟೆಲ್ಲು, ರೂಮುಗಳಲ್ಲಿ ಇದ್ದಾರೆ. ನಿಮಗೆ ಚಿಂತೆ ಇದ್ದೇ ಇರುತ್ತದೆ. ಆದರೂ ಕೆಲವು ಕೆಲಸಗಳನ್ನು ಈಗಲೇ ಅವರ ಕೈಗೆ ಬಿಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದು ಕಾಗದಪತ್ರ. ಸ್ಕಾಲರ್‌ಶಿಪ್ ಅರ್ಜಿಯ ಸಮಯದಲ್ಲಿ ನಮ್ಮ ಆಫೀಸಿನಲ್ಲಿ ಮತ್ತೆ ಮತ್ತೆ ಕಾಣುವ ಪರಿಸ್ಥಿತಿ ಇದು: ಹುಡುಗಿ ಎಲ್ಲ ತುಂಬಿ ಮುಗಿಸಿದ್ದಾಳೆ, ಆಧಾರ್ ಒಟಿಪಿ ಮಾತ್ರ ಅಪ್ಪನ ಫೋನಿಗೆ ಹೋಗಿದೆ. ಅಪ್ಪ ಅಡಿಕೆ ತೋಟದಲ್ಲಿ ಔಷಧಿ ಹೊಡೆಸುತ್ತಿದ್ದಾರೆ, ಅಲ್ಲಿ ನೆಟ್‌ವರ್ಕ್ ಇಲ್ಲ. ಅವರು ಮನೆಗೆ ಬಂದು ನೋಡುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಮರುದಿನ ಮತ್ತೆ ಸರದಿ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇರಲಿ, ಕಾಗದಪತ್ರ ಮೊಬೈಲಿನಲ್ಲೇ ಇಟ್ಟುಕೊಳ್ಳುವ ಡಿಜಿಲಾಕರ್ ಇರಲಿ, ಎಲ್ಲದಕ್ಕೂ ಆಧಾರ್ ಬೇಕು. ಆದ್ದರಿಂದ ಮಗನ, ಮಗಳ ಆಧಾರ್‌ಗೆ ಅವರದೇ ಮೊಬೈಲ್ ನಂಬರ್ ಸೇರಿಸಿ. ಆಧಾರ್ ಕೇಂದ್ರದಲ್ಲಿ ಮಾಡಿಸುವುದಾದರೆ ಅಲ್ಲಿಗೆ ಅವರೇ ಹೋಗಬೇಕು. ಸ್ಕಾಲರ್‌ಶಿಪ್ ದುಡ್ಡು ಆಧಾರ್ ಜೋಡಣೆಯಾದ ಖಾತೆಗೇ ಬರುವುದರಿಂದ ಬ್ಯಾಂಕಿನಲ್ಲಿ ಅದನ್ನೂ ವಿಚಾರಿಸಿಕೊಳ್ಳಲಿ. 18 ತುಂಬಿದವರ ಮೈನರ್ ಖಾತೆ ಇನ್ನೂ ಹಾಗೇ ಇದ್ದರೆ ಬದಲಾಯಿಸಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ನೀವು ಜೊತೆಗೆ ಹೋಗಿ, ಆದರೆ ಕೌಂಟರಿನಲ್ಲಿ ಮಾತಾಡುವುದು ಅವರೇ ಆಗಲಿ. ಮೊದಲ ಸಲ ತಡವರಿಸುತ್ತಾರೆ. ತಡವರಿಸಲಿ ಬಿಡಿ.

ದುಡ್ಡಿನ ವಿಷಯ. ಮೆಸ್ ಬಿಲ್ಲನ್ನು ನೀವೇ ಕಟ್ಟಿ, ಊಟದಲ್ಲಿ ಪ್ರಯೋಗ ಬೇಡ. ಉಳಿದ ಖರ್ಚಿಗೆ ತಿಂಗಳಿಗೊಮ್ಮೆ ಇಷ್ಟು ಎಂದು ಹಾಕಿ ಸುಮ್ಮನಿರಿ. ಇಪ್ಪತ್ತನೇ ತಾರೀಖಿಗೇ ಖಾಲಿಯಾಯಿತು ಎಂದು ಫೋನ್ ಬಂದರೆ ತಕ್ಷಣ ಫೋನ್‌ಪೇ ಮಾಡಬೇಡಿ. ಎಲ್ಲಿ ಹೋಯಿತು ಎಂದು ಸಮಾಧಾನವಾಗಿ ಕೇಳಿ. ಅವರೇ ಕೂತು ಲೆಕ್ಕ ಹಾಕುತ್ತಾರೆ.

ಫೋನ್ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳಬೇಕಿದೆ. ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡುವ ಮನೆಗಳಿವೆ. ತಿಂಡಿ ಆಯ್ತಾ, ಕ್ಲಾಸಿಗೆ ಹೋದ್ಯಾ, ಯಾರ ಜೊತೆ ಇದ್ದೀಯಾ. ಇದಕ್ಕೆಲ್ಲ ಮಕ್ಕಳು 'ಹೂಂ' ಅಂತಾರೆ ಅಷ್ಟೇ, ಮಾತಾಡುವುದಿಲ್ಲ. ಸಂಜೆ ಒಂದು ಸಲ ಸಾಕು. ಅವರು ಹೇಳುವುದನ್ನು ಪೂರ್ತಿ ಕೇಳಿ. ಇಂಟರ್ನಲ್ಸ್‌ನಲ್ಲಿ (ಕಾಲೇಜೇ ನಡೆಸುವ ಒಳ ಪರೀಕ್ಷೆಯಲ್ಲಿ) ಮಾರ್ಕ್ಸ್ ಕಡಿಮೆ ಬಂತು ಎಂದು ಅವರಾಗೇ ಹೇಳಿದ ದಿನ ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೆ ಅದು ಗೊತ್ತೇ ಆಗುವುದಿಲ್ಲ. ಇನ್ನು ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಕರೆಂಟು ಹೋದರೆ ಟವರೂ ಹೋಗುತ್ತದೆ. ಒಂದು ರಾತ್ರಿ ಫೋನ್ ಸಿಗಲಿಲ್ಲ ಎಂದು ಗಾಬರಿಯಾಗಬೇಡಿ.

ರಜಾ ಅರ್ಜಿಯನ್ನೂ ಅವರೇ ಬರೆದು ಕೊಡಲಿ. ಅಡಿಕೆ ಕೊನೆಕೊಯ್ಲಿಗೆ, ದೇವಕಾರ್ಯಕ್ಕೆ ಮನೆಗೆ ಕರೆಸುವುದು ತಪ್ಪಲ್ಲ. ಆದರೆ ಶೇ. 75 ಹಾಜರಾತಿ ಬೇಕು. ಎಷ್ಟು ದಿನ ರಜೆ ಹಾಕಬಹುದು ಎಂದು ಮೊದಲು ಅವರನ್ನೇ ಕೇಳಿ.

ಇಷ್ಟೆಲ್ಲ ಬಿಡಿ ಎಂದೆ. ಬಿಡಬಾರದ ಹೊತ್ತೂ ಇದೆ. ಸರಿಯಾಗಿ ಊಟ ಮಾಡುತ್ತಿಲ್ಲ, ನಿದ್ದೆ ಇಲ್ಲ, ಕ್ಲಾಸಿಗೆ ಹೋಗುತ್ತಿಲ್ಲ, ಇದ್ದಕ್ಕಿದ್ದಂತೆ ಪದೇ ಪದೇ ದುಡ್ಡು ಕೇಳುತ್ತಾರೆ ಎಂದರೆ 'ದೊಡ್ಡವರಾಗಿದ್ದಾರೆ, ನೋಡಿಕೊಳ್ತಾರೆ' ಎಂದು ಕೂರಬೇಡಿ. ಅವತ್ತೇ ಬಸ್ಸು ಹತ್ತಿ ಬನ್ನಿ. ನಮಗೂ ತಿಳಿಸಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ಅನುಮಾನ ಬಂದರೆ 1800-180-5522. ಎರಡೂ ನಂಬರನ್ನು ಇವತ್ತೇ ಸೇವ್ ಮಾಡಿಕೊಳ್ಳಿ, ಮಕ್ಕಳ ಫೋನಿನಲ್ಲೂ ಇರಲಿ.

ನನ್ನನ್ನು ನೋಡಬೇಕೆನಿಸಿದರೆ ಕೆಲಸದ ದಿನ ಮಧ್ಯಾಹ್ನದ ನಂತರ ಯಾವಾಗ ಬೇಕಾದರೂ ಬನ್ನಿ. ಮಗನನ್ನೋ ಮಗಳನ್ನೋ ಹೊರಗೆ ನಿಲ್ಲಿಸಬೇಡಿ, ಒಳಗೆ ಕರೆದುಕೊಂಡೇ ಬನ್ನಿ. ಅವರ ವಿಷಯವನ್ನು ಅವರ ಎದುರಿಗೇ ಮಾತಾಡೋಣ.

ಇಂತಿ ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು
ಶಿರಸಿ